ಬೆನ್ನಿಗೆ ಬಂದ ಗಾಳಿ: ಕ್ಯಾರಂಟೂಹಿಲ್ ಬೆಟ್ಟ ಇಳಿದ ಒಂದು ಪ್ರಕರಣ

ಐರ್ಲೆಂಡಿನ ಅತಿ ಎತ್ತರದ ಬೆಟ್ಟ ಕ್ಯಾರಂಟೂಹಿಲ್. ಎತ್ತರ 1,039 ಮೀಟರ್. ನಮ್ಮ ನಂದಿ ಬೆಟ್ಟ 1,478. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಕನ್ನಡಿಗ ಏನು ಅಂದುಕೊಳ್ಳುತ್ತಾನೆ ಅಂತ ಬೇರೆ ಹೇಳಬೇಕಾ? ನಾವೂ ಅದನ್ನೇ ಅಂದುಕೊಂಡೆವು. ಮೂವರಲ್ಲಿ ಒಬ್ಬ ಚಿಕ್ಕಮಗಳೂರಿನವನು, ಕುದುರೆಮುಖ, ಕುಮಾರ ಪರ್ವತ ಎರಡೂ ಹತ್ತಿದವನು. ಇನ್ನೊಬ್ಬರು ಕಾರ್ಕ್‌ನಲ್ಲಿ ನರ್ಸ್ ಆಗಿರುವ ಮಂಗಳೂರಿನ ಅಕ್ಕ. ಮೂರನೆಯವನು ನಾನು. ವಾರದಲ್ಲಿ ಐದು ದಿನ ಕುರ್ಚಿಯಲ್ಲಿ ಕೂರುವವನು.

ಲೆಕ್ಕದಲ್ಲಿ ಒಂದು ಸಣ್ಣ ಮೋಸ ಇದೆ. ಬೆಂಗಳೂರೇ 900 ಮೀಟರ್ ಮೇಲಿದೆ. ನಂದಿಗೆ ಹೋಗುವವರು ಅರ್ಧಕ್ಕಿಂತ ಜಾಸ್ತಿ ಎತ್ತರದಿಂದಲೇ ಶುರು ಮಾಡುತ್ತಾರೆ, ಅದೂ ಬೈಕಿನಲ್ಲಿ. ಕೆರಿ ಜಿಲ್ಲೆಯ ಕ್ರೋನಿನ್ಸ್ ಯಾರ್ಡ್‌ನಲ್ಲಿ ಕಾರು ನಿಲ್ಲಿಸಿದರೆ ನೀವು ಇರುವುದು ಸಮುದ್ರ ಮಟ್ಟದಿಂದ ಸುಮಾರು 150 ಮೀಟರ್ ಮೇಲೆ. ಉಳಿದದ್ದನ್ನೆಲ್ಲ ಕಾಲಲ್ಲೇ ಹತ್ತಬೇಕು. ಜೊತೆಗೆ ಅಟ್ಲಾಂಟಿಕ್ ಪಕ್ಕದಲ್ಲೇ ಇದೆ. ಅಲ್ಲಿಂದ ಬರುವ ಒದ್ದೆ ಗಾಳಿಗೆ ಮೊದಲು ಸಿಗುವ ದೊಡ್ಡ ಅಡ್ಡಿಗಳಲ್ಲಿ ಈ ಮ್ಯಾಕ್‌ಗಿಲಿಕಡಿಸ್ ರೀಕ್ಸ್ ಸಾಲೂ ಒಂದು. ಗಾಳಿ ಮೇಲೇರುತ್ತೆ, ತಣ್ಣಗಾಗುತ್ತೆ, ಮಂಜಾಗುತ್ತೆ. ಕೆಳಗೆ ಬಿಸಿಲಿದ್ದರೂ ನೆತ್ತಿ ಮೋಡದೊಳಗೇ ಇರುವ ದಿನಗಳು ಇಲ್ಲಿ ಬೇಕಾದಷ್ಟು.

ಇದು ಮೂರು ವರ್ಷದ ಹಿಂದಿನ ಅಕ್ಟೋಬರ್ ಕೊನೆಯ ಭಾನುವಾರದ ಕತೆ. ಯಾರಿಗೂ ಗಾಯ ಆಗಲಿಲ್ಲ, ಯಾರನ್ನೂ ಸಹಾಯಕ್ಕೆ ಕರೆಯಲಿಲ್ಲ. ಹಾಗಿದ್ದರೂ ಇಷ್ಟುದ್ದ ಬರೆಯಲು ಒಂದು ಕಾರಣ ಇದೆ. ಆ ದಿನ ನಾವು ಎಲ್ಲಿ ತಪ್ಪಿದೆವು ಅನ್ನುವುದನ್ನು ಆಮೇಲೆ ನಕ್ಷೆ ಹರಡಿಕೊಂಡು, ಅಕ್ಕನ ಕೈಗಡಿಯಾರದಲ್ಲಿ ದಾಖಲಾದ ಜಾಡನ್ನು ನೋಡಿಕೊಂಡು, ನಿಮಿಷ ನಿಮಿಷ ಲೆಕ್ಕ ಹಾಕಿದೆವು. ಸಿಕ್ಕ ಉತ್ತರ ನಾವು ಊಹಿಸಿದ್ದಲ್ಲ.

ಆ ಭಾನುವಾರವೇ ಒಂದು ಬಲೆ. ಅಕ್ಟೋಬರ್ ಕೊನೆಯ ಭಾನುವಾರ ಐರ್ಲೆಂಡಿನಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ. ಮರುದಿನ ಸೋಮವಾರ ಬ್ಯಾಂಕ್ ರಜೆ. ಒಂದು ಗಂಟೆ ನಿದ್ದೆ ಪುಕ್ಕಟೆ ಸಿಕ್ಕಿತು ಅಂತ ಎಲ್ಲರೂ ಮಲಗಿದೆವು. ಬೆಳಿಗ್ಗೆ ಪುಕ್ಕಟೆ ಸಿಕ್ಕ ಆ ಗಂಟೆ ಸಂಜೆ ಬೆಳಕಿನಿಂದ ಕಡಿತ ಆಗುತ್ತೆ ಅನ್ನುವುದು ಮೂವರಿಗೂ ಗೊತ್ತಿತ್ತು, ಆದರೆ ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹಿಂದಿನ ದಿನ ಸಂಜೆ ಆರು ದಾಟಿದರೂ ಬೆಳಕಿತ್ತು. ಆ ದಿನ ಸೂರ್ಯ ಮುಳುಗುವುದು 5:15ರ ಆಸುಪಾಸಿಗೆ. ಕಿಲಾರ್ನಿಯಲ್ಲಿ ತಿಂಡಿ, ಕಾಫಿ, ಇನ್ನೊಂದು ಕಾಫಿ. ನಡಿಗೆ ಶುರುವಾದಾಗ 11:10.

ದಾರಿಯ ಪರಿಚಯ ಸ್ವಲ್ಪ ಬೇಕು. ಕ್ರೋನಿನ್ಸ್ ಯಾರ್ಡ್‌ನಿಂದ ಹ್ಯಾಗ್ಸ್ ಗ್ಲೆನ್ ಅನ್ನುವ ಕಣಿವೆಯೊಳಗೆ ಸಲೀಸು ನಡಿಗೆ. ಮುದುಕಿಯ ಕಣಿವೆ ಅಂತ ಅರ್ಥ. ಎರಡು ಕೆರೆಗಳ ನಡುವೆ ದಾಟಿದರೆ ಎದುರಿಗೆ ಡೆವಿಲ್ಸ್ ಲ್ಯಾಡರ್, ದೆವ್ವದ ಏಣಿ. ಏಣಿ ಅನ್ನುವುದು ಹೆಸರಿಗೆ ಮಾತ್ರ. ಅದೊಂದು ಕಡಿದಾದ ಕೊರಕಲು. ದಶಕಗಳ ಕಾಲ ಜನ ತುಳಿದು ತುಳಿದು ಮಣ್ಣೆಲ್ಲ ಕೊಚ್ಚಿಹೋಗಿ, ಈಗ ಸಡಿಲ ಕಲ್ಲು, ಕೆಸರು, ನೀರು. ಸುಮಾರು 250 ಮೀಟರ್ ಹಾಗೆ ಹತ್ತಿದರೆ ಎರಡು ಬೆಟ್ಟಗಳ ನಡುವಿನ ತಗ್ಗು. ಅಲ್ಲಿಂದ ಬಲಕ್ಕೆ ತಿರುಗಿ ಇನ್ನೂ 300 ಮೀಟರ್ ಏರಿದರೆ ನೆತ್ತಿ. ಅಲ್ಲಿ ಒಂದು ದೊಡ್ಡ ಉಕ್ಕಿನ ಶಿಲುಬೆ ನಿಂತಿದೆ. 2014ರ ನವೆಂಬರ್‌ನಲ್ಲಿ ಯಾರೋ ರಾತ್ರಿ ಅದನ್ನು ಕತ್ತರಿಸಿ ಬೀಳಿಸಿದ್ದರು, ಸ್ಥಳೀಯರು ಕೆಲವೇ ದಿನಗಳಲ್ಲಿ ಮತ್ತೆ ನಿಲ್ಲಿಸಿದರು. ಪಕ್ಕದಲ್ಲಿ ಗಾಳಿ ತಡೆಯಲು ಕಲ್ಲು ಪೇರಿಸಿದ ಮೋಟು ಗೋಡೆ.

ನಾವು ಏಣಿಯ ಮೇಲಿನ ತಗ್ಗಿಗೆ ಬಂದಾಗ 1:50. ಮಂಜು ಆಗಲೇ ಮುಸುಕಿತ್ತು. ಇಪ್ಪತ್ತು ಹೆಜ್ಜೆ ಆಚೆ ಏನೂ ಕಾಣದು. ಆದರೂ ಹತ್ತುವುದಕ್ಕೆ ಒಂದು ಚೂರೂ ಕಷ್ಟ ಆಗಲಿಲ್ಲ. ದಾರಿ ತೋರಿಸಲು ಪೇರಿಸಿದ ಕಲ್ಲುಗುಪ್ಪೆಗಳು ಇದ್ದವು, ಸವೆದ ದಾರಿ ಇತ್ತು, ಇಳಿದು ಬರುವವರು 'ಆಲ್ಮೋಸ್ಟ್ ದೇರ್' ಅನ್ನುತ್ತಿದ್ದರು. ದಾರಿ ತಪ್ಪಿದಾಗಲೂ ಏರುತ್ತಾ ಹೋದರೆ ಸಾಕಿತ್ತು. 2:50ಕ್ಕೆ ಶಿಲುಬೆ ಮುಟ್ಟಿದೆವು.

ಆಮೇಲೆ ನಮಗೆ ಹೊಳೆದದ್ದು ಇಷ್ಟೇ, ಈ ಬರಹದ ಮುಖ್ಯ ಮಾತೂ ಇದೇ. ಹತ್ತುವಾಗ ಎಲ್ಲಾ ದಾರಿಗಳೂ ಒಂದೇ ಕಡೆ ಸೇರುತ್ತವೆ. ನೀವು ಐವತ್ತು ಹೆಜ್ಜೆ ಎಡಕ್ಕೆ ಹೋದರೂ ಬಲಕ್ಕೆ ಹೋದರೂ ನೆತ್ತಿ ನಿಮ್ಮನ್ನು ಎಳೆದುಕೊಳ್ಳುತ್ತೆ. ಇಳಿಯುವಾಗ ಅದೇ ನೆತ್ತಿಯಿಂದ ದಾರಿಗಳು ಛತ್ರಿಯ ಕಡ್ಡಿಗಳ ಹಾಗೆ ಬೇರೆ ಬೇರೆ ಕಡೆ ಹೋಗುತ್ತವೆ. ಮೊದಲ ಹೆಜ್ಜೆಯಲ್ಲಿ ಸ್ವಲ್ಪ ವಾರೆ ಆದರೆ ಸಾಕು, ಅರ್ಧ ಗಂಟೆಯಲ್ಲಿ ನೀವು ಬೇರೆಯದೇ ಬೆಟ್ಟದ ಮುಖದಲ್ಲಿ ಇರುತ್ತೀರಿ. ಬಂದ ದಾರಿಯಲ್ಲೇ ವಾಪಸ್ ಹೋಗುತ್ತೇವೆ ಅನ್ನುವುದು ಮಾತಿಗೆ ಸುಲಭ.

ಕ್ಯಾರಂಟೂಹಿಲ್‌ನಲ್ಲಿ ಈ ಕಡ್ಡಿಗಳು ಎಲ್ಲೆಲ್ಲಿಗೆ ಹೋಗುತ್ತವೆ ನೋಡಿ. ಏಣಿಯ ತಗ್ಗು ಇರುವುದು ದಕ್ಷಿಣಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿದಂತೆ. ದೂರ ಒಂದು ಕಿಲೋಮೀಟರಿಗಿಂತ ಕಡಿಮೆ. ಅದಕ್ಕಿಂತ ಬಲಕ್ಕೆ, ನೈಋತ್ಯದ ಕಡೆ ಹೋದರೆ ಕಾಹಿರ್ ಬೆಟ್ಟಕ್ಕೆ ಹೋಗುವ ಕೋಡು ಸಿಗುತ್ತೆ. ಅದೂ ಸವೆದ ದಾರಿಯೇ, ನೋಡಲು ನಂಬಿಕೆ ಬರುವಂತೆ ಇದೆ. ಅದನ್ನು ಹಿಡಿದು ಇಳಿದವರು ಬೆಟ್ಟದ ಇನ್ನೊಂದು ಮಗ್ಗುಲಲ್ಲಿ, ಕಾರಿನಿಂದ ಬಹಳ ದೂರದಲ್ಲಿ ಹೊರಬೀಳುತ್ತಾರೆ. ಉತ್ತರಕ್ಕೆ ಹೋದರೆ ಬೀನ್‌ಕೆರಾ ಬೆಟ್ಟದ ಕಡೆಯ ಚೂಪು ಕೋಡು. ಎಡಕ್ಕೆ, ಅಂದರೆ ಪೂರ್ವಕ್ಕೋ ಈಶಾನ್ಯಕ್ಕೋ ಹೋದರೆ ಬಂಡೆ ಮುಖ. ಹಗ್ಗ ಹಾಕಿ ಹತ್ತುವವರ ಹೌಲಿಂಗ್ ರಿಡ್ಜ್ ಇರುವುದು ಅಲ್ಲೇ. ಆ ಮುಖದಲ್ಲಿ ಕಡಿದಾದ ಕೊರಕಲುಗಳಿವೆ. ಮೇಲಿನಿಂದ ನೋಡುವವನಿಗೆ ಅವುಗಳ ಬಾಯಿ ಸುಮ್ನೆ ಒಂದು ಇಳಿಜಾರಿನ ಹಾಗೇ ಕಾಣುತ್ತೆ.

ನಾವು ಹೋದದ್ದು ಅತ್ತ ಕಡೆ.

ಕಾರಣ ಬಹಳ ಸಣ್ಣದು. ಗಾಳಿ ನೈಋತ್ಯದಿಂದ ಬೀಸುತ್ತಿತ್ತು. ಹಾಗಾಗಿ ಗೋಡೆಯ ಈಶಾನ್ಯ ಬದಿಗೆ, ಗಾಳಿ ತಾಗದ ಕಡೆ ಕೂತು ಚಪಾತಿ ತಿಂದೆವು. ಹದಿನೈದು ನಿಮಿಷದಲ್ಲಿ ಕೈ ಮರಗಟ್ಟಿತು. ಎದ್ದೆವು. ಎದುರಿಗೆ ಒಂದು ಜಾಡಿನಂಥದ್ದು ಕಂಡಿತು. ಗಾಳಿ ಬೆನ್ನಿಗೆ ಇತ್ತು, ಮುಖಕ್ಕೆ ಹನಿ ಹೊಡೆಯುತ್ತಿರಲಿಲ್ಲ, ಹಾಯೆನಿಸಿತು. ಹೊರಟೆವು. ಇಷ್ಟೇ.

ಮನೆಯಲ್ಲಿ ಕೂತು ಯೋಚಿಸಿದರೆ ಎಷ್ಟು ಸರಳ ಅಲ್ವಾ? ಹತ್ತುವಾಗ ಗಾಳಿ ಎಡಗಿವಿಗೆ ಹೊಡೆಯುತ್ತಿತ್ತು. ಟೊಪ್ಪಿಗೆಯ ಎಡಭಾಗವನ್ನು ನಾನು ಕೈಯಲ್ಲಿ ಹಿಡಿದುಕೊಂಡೇ ಹತ್ತಿದ್ದೆ. ಸರಿಯಾದ ದಾರಿಯಲ್ಲಿ ಇಳಿದಿದ್ದರೆ ಅದೇ ಗಾಳಿ ಬಲಗೆನ್ನೆಗೆ ಹೊಡೆಯಬೇಕಿತ್ತು. ಬೆನ್ನಿಗೆ ಬಂತು ಅಂದರೆ ನಾವು ನೆಟ್ಟಗೆ ಈಶಾನ್ಯಕ್ಕೆ ಹೋಗುತ್ತಿದ್ದೇವೆ ಅಂತ. ಗಾಳಿ ಹೇಳುತ್ತಲೇ ಇತ್ತು. ನಾವು ಅದನ್ನು ಸುಖ ಅಂದುಕೊಂಡೆವು.

ಮೊದಲ ಐದು ನಿಮಿಷ ಏನೂ ಅನ್ನಿಸಲಿಲ್ಲ. ಆಮೇಲೆ ಒಂದೊಂದೇ ಬದಲಾಯಿತು. ಬೂಟಿನ ಗುರುತು ಮಾಯವಾಯಿತು. ಕಲ್ಲುಗಳ ಮೇಲೆ ಪಾಚಿ ಬಂತು. ಬರುವಾಗ ನೋಡಿದ ಕಲ್ಲುಗಳು ಸವೆದು ಬೋಳಾಗಿದ್ದವು, ಇವು ಹಸಿರು. ಕಲ್ಲಿನ ಸಂದಿಯಲ್ಲಿ ಹುಲ್ಲು ನೆಟ್ಟಗೆ ನಿಂತಿತ್ತು, ಯಾರೂ ತುಳಿಯದ ಹುಲ್ಲು. ಗಾಳಿಯೂ ಬದಲಾಯಿತು. ಬೆನ್ನಿಗಿದ್ದದ್ದು ನಿಂತು, ಕೆಳಗಿನಿಂದ ಮುಖಕ್ಕೆ ತಣ್ಣಗೆ ಏನೋ ಎದ್ದು ಬಂತು. ನಮ್ಮ ಚಿಕ್ಕಮಗಳೂರಿನವನು ಮುಂದೆ ಇದ್ದ. ಅವನ ಕಾಲಿಗೆ ತಾಗಿ ಒಂದು ಕಲ್ಲು ಉರುಳಿತು. ತೆಂಗಿನಕಾಯಿ ಗಾತ್ರದ್ದು. ಟಕ್, ಟಕ್, ಟಕ್ ಅಂತ ಮೂರು ಸಲ ಸದ್ದು ಕೇಳಿತು. ಆಮೇಲೆ ಏನೂ ಇಲ್ಲ. ನಾವು ಮೂವರೂ ಉಸಿರು ಹಿಡಿದು ನಿಂತಿದ್ದೆವು. ಎಲ್ಲೋ ಬಹಳ ಕೆಳಗೆ ಇನ್ನೊಂದು ಸಲ ಟಕ್ ಅಂದಿತು.

"ನಿಲ್ಲು ಮಾರಾಯ," ಅಂದರು ಅಕ್ಕ. "ಒಂದು ಹೆಜ್ಜೆ ಇಡಬೇಡ."

ಆಗ 3:15. ಈ ಪ್ರಕರಣದಲ್ಲಿ ನಾವು ಸರಿ ಮಾಡಿದ ಮೊದಲ ಕೆಲಸ ಇದು, ನಿಂತದ್ದು. ಎರಡನೆಯದಕ್ಕೆ ಹತ್ತು ನಿಮಿಷ ಜಗಳ ಆಯಿತು. ಗೆಳೆಯ ಹೇಳಿದ, "ಇಲ್ಲಿಂದಲೇ ಬಲಕ್ಕೆ ಅಡ್ಡ ಹೋದರೆ ದಾರಿ ಸಿಗುತ್ತೆ, ಮತ್ತೆ ಯಾಕೆ ಹತ್ತೋದು?" ಅವನ ಮಾತು ತಪ್ಪಾಗಿ ಕೇಳಿಸಲಿಲ್ಲ. ಫೋನಿನ ನಕ್ಷೆಯಲ್ಲಿ ನೀಲಿ ಚುಕ್ಕಿ ಇತ್ತು, ಸುತ್ತ ಬರೀ ಬೂದು ಬಣ್ಣ. ನಾವು ದಿನಾ ಊರಲ್ಲಿ ದಾರಿ ಹುಡುಕುವ ನಕ್ಷೆ ಅದು. ರಸ್ತೆ ಗೊತ್ತು, ಹೋಟೆಲ್ ಗೊತ್ತು, ಬಂಡೆ ಗೊತ್ತಿಲ್ಲ. ನಿಂತಲ್ಲೇ ನಿಂತರೆ ಆ ಚುಕ್ಕಿ ನೀವು ಯಾವ ಕಡೆ ಮುಖ ಮಾಡಿದ್ದೀರಿ ಅಂತಲೂ ಸರಿಯಾಗಿ ಹೇಳದು.

ಅಕ್ಕ ಚೀಲದಿಂದ ಕಾಗದದ ನಕ್ಷೆ ತೆಗೆದರು. ಆಸ್ಪತ್ರೆಯ ಚಾರಣ ಗುಂಪಿನ ಜೊತೆ ಹಿಂದೊಮ್ಮೆ ಹೋಗಿದ್ದಾಗ ಕೊಂಡದ್ದಂತೆ. ಜೊತೆಗೆ ಒಂದು ಕಂಪಾಸ್. ಬೆಳಿಗ್ಗೆ ನಾವಿಬ್ಬರೂ ಅದನ್ನು ನೋಡಿ ನಕ್ಕಿದ್ದೆವು, ಅದನ್ನೂ ಬರೆದುಬಿಡುತ್ತೇನೆ. ನಕ್ಷೆಯ ಮೇಲೆ ನೆತ್ತಿಯ ಪೂರ್ವಕ್ಕೆ ಕಪ್ಪು ಗೀರುಗಳು ದಟ್ಟವಾಗಿ ಇದ್ದವು. ಬಂಡೆ ಅಂತ ಅರ್ಥ. ಅಡ್ಡ ಹೋಗುವುದು ಅಂದರೆ ಅವುಗಳ ಮೇಲೆಯೇ ಹೋಗುವುದು. "ನಮಗೆ ಖಾತ್ರಿ ಇರೋ ಜಾಗ ಒಂದೇ, ಶಿಲುಬೆ. ಅಲ್ಲಿಗೇ ಹೋಗುವಾ," ಅಂದರು ಅಕ್ಕ. ಇಳಿದದ್ದನ್ನು ಮತ್ತೆ ಹತ್ತುವುದು ಮನಸ್ಸಿಗೆ ಎಷ್ಟು ಭಾರ ಅನ್ನುವುದು ಮಾಡಿದವರಿಗೇ ಗೊತ್ತು. 3:40ಕ್ಕೆ ಶಿಲುಬೆಯ ಬುಡದಲ್ಲಿದ್ದೆವು.

ಇಲ್ಲಿ ಒಂದು ಸಣ್ಣ ವಿಷಯ. ಉಕ್ಕಿನ ಶಿಲುಬೆಗೆ ಒರಗಿ ಕಂಪಾಸ್ ನೋಡಬಾರದು, ಮುಳ್ಳು ಉಕ್ಕಿನ ಕಡೆ ವಾಲಬಹುದು. ಹತ್ತಿಪ್ಪತ್ತು ಹೆಜ್ಜೆ ಆಚೆ ನಿಂತು ನೋಡಬೇಕು. ಫೋನ್ ಒಳಗಿನ ಕಂಪಾಸಿಗೂ ಇದೇ ಮಾತು. ಅಕ್ಕನಿಗೆ ಅದು ಗೊತ್ತಿತ್ತು.

ಮಂಜಿನಲ್ಲಿ ದಿಕ್ಕು ಹಿಡಿದು ನಡೆಯುವ ರೀತಿ ಹೀಗೆ. ಅಕ್ಕ ಕಂಪಾಸ್ ಹಿಡಿದು ನಿಂತರು. ಗೆಳೆಯ ಮುಂದೆ ನಡೆದ, ಕಾಣುವಷ್ಟು ದೂರ ಮಾತ್ರ. "ಎಡಕ್ಕೆ ಬಾ. ಇನ್ನೂ ಸ್ವಲ್ಪ. ಜಾಸ್ತಿ ಆಯ್ತು. ಅಲ್ಲೇ ನಿಲ್ಲು." ನಾವು ಅವನ ಹತ್ತಿರ ಹೋದೆವು. ಮತ್ತೆ ಅವನು ಮುಂದೆ. ಕಂಪಾಸ್ ಹಿಡಿದು ಒಬ್ಬರೇ ನಡೆದರೆ ಕಲ್ಲು ಬಂದಲ್ಲೆಲ್ಲ ಸುತ್ತು ಹಾಕಿ ಗೊತ್ತಿಲ್ಲದೆ ಇಳಿಜಾರಿನ ಕಡೆ ಜಾರುತ್ತಾ ಹೋಗುತ್ತೀವಿ. ಮುಂದೆ ಒಬ್ಬ ಮನುಷ್ಯನೇ ಗುರಿಯಾಗಿ ನಿಂತರೆ ಹಾಗಾಗದು. ಆರನೆಯ ಸಲಕ್ಕೆ ಮೊದಲ ಕಲ್ಲುಗುಪ್ಪೆ ಸಿಕ್ಕಿತು. ಗಾಳಿ ಬಲಗೆನ್ನೆಗೆ ರಪ್ ಅಂತ ಹೊಡೆಯುತ್ತಿತ್ತು. ಅಷ್ಟು ಸಂತೋಷದಿಂದ ನಾನು ಯಾವತ್ತೂ ಏಟು ತಿಂದಿಲ್ಲ.

ತಗ್ಗಿಗೆ ಬಂದಾಗ 4:55. ಬೆಳಕು ಬೂದಿ ಬಣ್ಣಕ್ಕೆ ತಿರುಗಿತ್ತು.

ಅಲ್ಲಿ ಇನ್ನೊಂದು ತೀರ್ಮಾನ ಕಾದಿತ್ತು. ಕಾಲ ಬುಡದಲ್ಲೇ ದೆವ್ವದ ಏಣಿ. ಹತ್ತಿರದ ದಾರಿ ಅದೇ, ಬಂದ ದಾರಿಯೂ ಅದೇ. ಆದರೆ ಹತ್ತುವಾಗ ಕೈ ಊರಿ ಹತ್ತಿದ ಸಡಿಲ ಕಲ್ಲುಗಳ ಮೇಲೆ, ಒದ್ದೆಯಲ್ಲಿ, ದಣಿದ ಮೊಣಕಾಲಿನಲ್ಲಿ, ಮುಸ್ಸಂಜೆಯಲ್ಲಿ ಇಳಿಯಬೇಕು. ಮೇಲಿನವನ ಕಾಲಿಂದ ಜಾರಿದ ಕಲ್ಲು ಕೆಳಗಿನವನ ತಲೆಗೆ. ಇನ್ನೊಂದು ದಾರಿ ಜಿಗ್ ಜಾಗ್ಸ್. ಅದಕ್ಕೆ ಮೊದಲು ಎದುರಿನ ಕ್ನೊಕ್ ನ ಟಿನ್ಯ ಬೆಟ್ಟವನ್ನು 100 ಮೀಟರ್ ಮೇಲಕ್ಕೆ ಮತ್ತೆ ಹತ್ತಬೇಕು, ಕೋಡಿನ ಮೇಲೆ ಪೂರ್ವಕ್ಕೆ ನಡೆಯಬೇಕು, ಆಮೇಲೆ ಹುಲ್ಲಿನ ಮಗ್ಗುಲಲ್ಲಿ ಹಾವಿನಂತೆ ತಿರುಗುತ್ತಾ ಇಳಿಯುವ ಹಳೆ ದಾರಿ. ದೂರ, ಆದರೆ ಕಾಲಿಗೆ ನೆಲ ಸಿಗುತ್ತೆ. ಈ ಬೆಟ್ಟ ಬಲ್ಲವರು ಇಳಿಯುವುದಕ್ಕೆ ಇದನ್ನೇ ಹೇಳುತ್ತಾರೆ.

ಈ ಹೊತ್ತಿಗೆ ಗೆಳೆಯ ಮಾತು ಕಮ್ಮಿ ಮಾಡಿದ್ದ. ಅವನು ಜೀನ್ಸ್ ಹಾಕಿಕೊಂಡಿದ್ದ, ಅದು ತೊಡೆಯವರೆಗೆ ಒದ್ದೆ. ಅಕ್ಕ ಅವನಿಗೆ ಕಡಲೆ ಚಿಕ್ಕಿ ಕೊಟ್ಟರು. ಅವನು ಪ್ಲಾಸ್ಟಿಕ್ ಬಿಚ್ಚಲು ನೋಡಿದ, ಆಗಲಿಲ್ಲ. ಬೆರಳು ಎರಡು ಸಲ ಜಾರಿತು. ಮೂರನೇ ಸಲ ಸುಮ್ಮನೆ ಅದನ್ನೇ ನೋಡುತ್ತಾ ನಿಂತ. ನನಗೆ ಅದರಲ್ಲಿ ಏನೂ ಕಾಣಲಿಲ್ಲ. ನರ್ಸಿಗೆ ಕಂಡಿತು. ಮೈ ತಣ್ಣಗಾಗುವುದು ಮೊದಲು ಗೊತ್ತಾಗುವುದು ಬೆರಳಿನಲ್ಲಿ, ಆಮೇಲೆ ಮಾತಿನಲ್ಲಿ, ಆಮೇಲೆ ಕಾಲಿನಲ್ಲಿ. ತಮ್ಮ ಹೆಚ್ಚುವರಿ ಸ್ವೆಟರ್ ಅವನಿಗೆ ಹಾಕಿಸಿದರು, ಚಿಕ್ಕಿ ಬಿಚ್ಚಿ ಬಾಯಿಗಿಟ್ಟರು, ಥರ್ಮಾಸಿನಲ್ಲಿ ಉಳಿದ ಟೀ ಕುಡಿಸಿದರು. ಆಮೇಲೆ ಹೇಳಿದರು, "ಈಗ ಹತ್ತಿದರೆ ಇವನ ಮೈ ಬಿಸಿ ಆಗುತ್ತೆ. ಏಣಿ ಬೇಡ." ಏಣಿಯಲ್ಲಿ ನಿಧಾನಕ್ಕೆ ಇಳಿಯುತ್ತಾ ಇದ್ದರೆ ಇನ್ನೂ ತಣ್ಣಗಾಗುತ್ತಿದ್ದ. ಈ ಲೆಕ್ಕ ನನಗೆ ಜನ್ಮದಲ್ಲಿ ಹೊಳೆಯುತ್ತಿರಲಿಲ್ಲ.

ಕ್ನೊಕ್ ನ ಟಿನ್ಯದ ಕೋಡಿನ ಮೇಲೆ ಕತ್ತಲಾಯಿತು. ಮೂವರಿಗೆ ಒಂದು ಹೆಡ್ ಟಾರ್ಚ್, ಅದೂ ಅಕ್ಕನದು. ನನ್ನ ಫೋನ್ ಚಳಿಗೆ 40 ಪರ್ಸೆಂಟಿನಿಂದ ನೇರ ಆಫ್ ಆಗಿತ್ತು. ಸಹಾಯಕ್ಕೆ ಕರೆಯಬೇಕಾ ಅನ್ನುವ ಮಾತು ಬಂತು. ಐರ್ಲೆಂಡಿನಲ್ಲಿ 112 ಅಥವಾ 999ಕ್ಕೆ ಫೋನ್ ಮಾಡಿ ಮೌಂಟನ್ ರೆಸ್ಕ್ಯೂ ಬೇಕು ಅನ್ನಬೇಕು. ಇಲ್ಲಿಗೆ ಬರುವುದು ಕೆರಿ ಮೌಂಟನ್ ರೆಸ್ಕ್ಯೂ ತಂಡ. 1966ರಿಂದ ಇದೆ, ಎಲ್ಲರೂ ಸ್ವಯಂಸೇವಕರು, ಹಣ ಕೇಳುವುದಿಲ್ಲ. ಅದೇ ನಮಗೆ ಮುಜುಗರ. ರಜೆಯ ಭಾನುವಾರ ಯಾರದೋ ಊಟದ ತಟ್ಟೆಯಿಂದ ಎಬ್ಬಿಸುವುದಾ? ಕೊನೆಗೆ ಕಾರ್ಕ್‌ನಲ್ಲಿದ್ದ ಅಕ್ಕನ ಗಂಡನಿಗೆ ಮೆಸೇಜ್ ಹೋಯಿತು. ಎಲ್ಲಿದ್ದೇವೆ, ಯಾವ ದಾರಿಯಲ್ಲಿ ಇಳಿಯುತ್ತೇವೆ, ಒಂಬತ್ತಕ್ಕೆ ಫೋನ್ ಬರದಿದ್ದರೆ 112. ದಾರಿ ಗೊತ್ತಿತ್ತು, ಗಾಯ ಇರಲಿಲ್ಲ, ಗೆಳೆಯ ಮತ್ತೆ ಬೈಯಲು ಶುರು ಮಾಡಿದ್ದ. ಹಾಗಾಗಿ ನಡೆದೆವು. ಆದರೆ 3:15ಕ್ಕೆ ಆ ಬಂಡೆಯ ಅಂಚಿನಲ್ಲಿ ಹಿಂದೆ ಹತ್ತಲು ಆಗದೇ ಹೋಗಿದ್ದರೆ ಅಲ್ಲೇ ಕೂತು ಫೋನ್ ಮಾಡಬೇಕಿತ್ತು ಅಂತ ನನ್ನ ಅಭಿಪ್ರಾಯ. ಮುಜುಗರಕ್ಕೆ ಇನ್ನೂ ಹತ್ತು ಹೆಜ್ಜೆ ಇಳಿದು ನೋಡೋಣ ಅನ್ನುವವರೇ ಕೆಡುವುದು.

ಜಿಗ್ ಜಾಗ್ಸ್ ಇಳಿದ ಕತೆಯಲ್ಲಿ ಹೇಳುವಂಥದ್ದು ಏನೂ ಇಲ್ಲ. ಟಾರ್ಚ್ ಮಧ್ಯದವರ ತಲೆಯ ಮೇಲೆ, ಮೂವರೂ ಹತ್ತಿರ ಹತ್ತಿರ. ತಿರುವು, ಮತ್ತೆ ತಿರುವು. ನಾನು ನಾಲ್ಕು ಸಲ ಕುಂಡೆ ಮೇಲೆ ಬಿದ್ದೆ. 6:50ಕ್ಕೆ ಕಣಿವೆ, 8:15ಕ್ಕೆ ಕಾರು.

ಈಗ ಲೆಕ್ಕಕ್ಕೆ ಬರೋಣ. ಮಂಜು ಬಂತು, ದಾರಿ ತಪ್ಪಿತು, ಅದಕ್ಕೇ ಕತ್ತಲಾಯಿತು ಅಂತ ನಾವು ಮೊದಲು ಎಲ್ಲರಿಗೂ ಹೇಳಿಕೊಂಡು ತಿರುಗಿದೆವು. ಸಮಯ ಬರೆದಿಟ್ಟು ನೋಡಿದಾಗ ಅದು ಸುಳ್ಳಾಯಿತು. ಹತ್ತಲು ಬೇಕಾದದ್ದು 3 ಗಂಟೆ 40 ನಿಮಿಷ. 2:50ಕ್ಕೆ ಶಿಲುಬೆ ಮುಟ್ಟಿದಾಗ ಸೂರ್ಯ ಮುಳುಗಲು ಉಳಿದದ್ದು 2 ಗಂಟೆ 25 ನಿಮಿಷ. ದಾರಿ ತಪ್ಪದೇ ಇದ್ದರೂ ಕತ್ತಲಲ್ಲೇ ಇಳಿಯುತ್ತಿದ್ದೆವು. ದಾರಿ ತಪ್ಪಿದ್ದರಿಂದ ಹೋದದ್ದು 35 ನಿಮಿಷ ಮಾತ್ರ. ಬೆಟ್ಟ ನಡೆಯುವವರು ಸಮಯ ಅಂದಾಜು ಮಾಡಲು ಒಂದು ಸೂತ್ರ ಹೇಳುತ್ತಾರೆ. ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟದ್ದು. ಈಗಿನ ಅಳತೆಯಲ್ಲಿ 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದರಲ್ಲಿ ಇಳಿಯುವುದಕ್ಕೆ ಹೆಚ್ಚಿನ ಸಮಯ ಇಲ್ಲ. ಕಡಿದಾದ ಇಳುಕಲಿಗೆ ಪ್ರತಿ 300 ಮೀಟರಿಗೆ ಹತ್ತು ನಿಮಿಷ ಕೂಡಿಸಬೇಕು ಅನ್ನುವ ತಿದ್ದುಪಡಿ ಆಮೇಲೆ ಬಂದದ್ದು.

ನಮ್ಮ ಸಿದ್ಧತೆಯೂ ಹಾಗೇ ಇತ್ತು, ಇಳಿಯುವುದನ್ನು ಬಿಟ್ಟು. ಚಪಾತಿ ಎಷ್ಟು ಬೇಕು ಅಂತ ನೆತ್ತಿಯವರೆಗೆ ಲೆಕ್ಕ ಹಾಕಿದ್ದೆವು. ನೀರೂ ಅಷ್ಟೇ. ನಾನು ಹಿಂದಿನ ರಾತ್ರಿ ನೋಡಿದ ವೀಡಿಯೊಗಳೆಲ್ಲ ಶಿಲುಬೆಯ ಫೋಟೋದಲ್ಲಿ ಮುಗಿದಿದ್ದವು. 1:50ಕ್ಕೆ ತಗ್ಗಿನಲ್ಲಿ ನಿಂತಾಗ ಯಾರಾದರೂ ಒಬ್ಬರು "ಇಳಿಯೋದು ಯಾವಾಗ?" ಅಂತ ಕೇಳಿದ್ದರೆ ಅಲ್ಲಿಂದಲೇ ವಾಪಸ್ ಬರುತ್ತಿದ್ದೆವು. ಬಂದಿದ್ದರೆ ಬೇಜಾರಾಗುತ್ತಿತ್ತು, ನಿಜ. ಶಿಲುಬೆ ಮುಟ್ಟದೆ ಕಾರ್ಕ್‌ಗೆ ಹೋಗಿ ಏನು ಹೇಳುವುದು?

ಮುಂದಿನ ಮೇ ತಿಂಗಳಲ್ಲಿ ಮತ್ತೆ ಹೋದೆವು. ಬೆಳಿಗ್ಗೆ 8ಕ್ಕೇ ನಡಿಗೆ ಶುರು, ಮೂರು ಟಾರ್ಚ್, ಜೀನ್ಸ್ ಇಲ್ಲ, ಹತ್ತಿದ್ದೂ ಜಿಗ್ ಜಾಗ್ಸ್‌ನಲ್ಲೇ. ಆಕಾಶ ತೊಳೆದಿಟ್ಟ ಹಾಗಿತ್ತು. ಅಟ್ಲಾಂಟಿಕ್ ಕಾಣುತ್ತಿತ್ತು. ಅಕ್ಕ ಗಡಿಯಾರದಲ್ಲಿ ಹಳೆ ಜಾಡು ತೆಗೆದರು. ಅದರಲ್ಲಿ ನೆತ್ತಿಯಿಂದ ಪಕ್ಕಕ್ಕೆ ಗಾಳದ ಮುಳ್ಳಿನಂತೆ ಒಂದು ಚಿಕ್ಕ ಗೀಟು. ಗೋಡೆಯ ಆ ಬದಿಗೆ ಹೋಗಿ, ಅಂಚಿನಿಂದ ದೂರದಲ್ಲೇ ನಿಂತು ನೋಡಿದೆವು. ನಾವು ನಿಂತಿದ್ದ ಹಸಿರು ಕಲ್ಲುಗಳು ಅಲ್ಲೇ ಇದ್ದವು. ಅದರಾಚೆ ಏನೂ ಇರಲಿಲ್ಲ. ಬಹಳ ಕೆಳಗೆ ಕೆರೆ, ಅದರ ಮೇಲೆ ಎರಡು ಕಾಗೆಗಳ ಬೆನ್ನು ಕಾಣುತ್ತಿತ್ತು.

ಸರಿಯಾದ ದಾರಿ ಗೋಡೆಯ ಇನ್ನೊಂದು ಬದಿಯಿಂದ ಹೊರಡುತ್ತೆ, ಎತ್ತಿನ ಗಾಡಿ ಹೋಗುವಷ್ಟು ಅಗಲ. ಅಲ್ಲಿ ನಾಲ್ಕು ಶಾಲೆ ಮಕ್ಕಳು ಗಾಳಿಗೆ ಮುಖ ಕೊಟ್ಟು ಕೂತು ಚಿಪ್ಸ್ ತಿನ್ನುತ್ತಿದ್ದರು.